ಸಮುದ್ರಪ್ರವೇಶದ ಸನ್ನಾಹ

ನೀರಿನ ಅಡಿಯಲ್ಲಿ ಮನುಷ್ಯನು ಉಸಿರಾಡಿಕೊಂಡಿರಬಹುದೇ ಎಂಬ ಪ್ರಶ್ನೆಯು ಹೊಸದಲ್ಲ. ಭಾಗವತದಲ್ಲಿ ಶ್ರೀಕೃಷ್ಣನು ಗುರುವಾದ ಸಾಂದೀಪನಿಗೆ ದಕ್ಷಿಣೆಯನ್ನು ಸಲ್ಲಿಸುವುದಕ್ಕಾಗಿ, ಪ್ರಭಾಸದಲ್ಲಿ ಕಡಲ ಪಾಲಾದ ಗುರುಪುತ್ರನನ್ನು ಅರಸುತ್ತ ಸಮುದ್ರದೊಳಕ್ಕೆ ಇಳಿದನು. ಅಲ್ಲಿ ಬಾಲಕನು ಸಿಕ್ಕಲಿಲ್ಲ, ಪಾಂಚಜನ್ಯ ಶಂಖವು ಸಿಕ್ಕಿತು. ಭಾರತದಲ್ಲಿ ದುರ್ಯೋಧನನು ಜಲಸ್ತಂಭನದ ಬಲದಿಂದ ಕೊಳದ ತಳದಲ್ಲಿ ಅಡಗಿದ್ದು, ಭೀಮನ ಮೂದಲೆಯನ್ನು ತಾಳಲಾರದೆ ಮೇಲಕ್ಕೆದ್ದು ಬಂದದ್ದನ್ನು ರನ್ನನ ಗದಾಯುದ್ಧವನ್ನು ಓದಿದ ಕನ್ನಡಿಗರೆಲ್ಲರೂ ಬಲ್ಲರು. ಒಬ್ಬನು ದೇವರು, ಇನ್ನೊಬ್ಬನಿಗೆ ಮಂತ್ರವು ಸಿದ್ಧಿಸಿತ್ತು. ಎರಡೂ ಇಲ್ಲದ ಸಾಮಾನ್ಯ ಗೃಹಸ್ಥರಿಗೆ ಬಹುಕಾಲದವರೆಗೆ ಆ ಲೋಕದ ಬಾಗಿಲು ಮುಚ್ಚಿಯೇ ಇತ್ತು. ತಾಮ್ರದ ಶಿರಸ್ತ್ರಾಣವನ್ನು ತೊಟ್ಟು, ಮೇಲಿನ ದೋಣಿಯಿಂದ ಕೊಳವೆಯ ಮೂಲಕ ಬರುವ ಗಾಳಿಯನ್ನು ನಂಬಿ ಕಡಲ ತಳದಲ್ಲಿ ನಡೆಯುವ ಕೆಲಸಗಾರರು ಇದ್ದರು. ಆದರೆ ಅದು ಹೊಟ್ಟೆಪಾಡಿನ ಸಾಹಸವೇ ಹೊರತು ವಿಹಾರವಲ್ಲ.

ಈ ಬಾಗಿಲು ತೆರೆದದ್ದು ೧೯೪೩ನೆಯ ಇಸವಿಯಲ್ಲಿ. ಫ್ರಾನ್ಸ್ ದೇಶದ ನೌಕಾಧಿಕಾರಿ ಝಾಕ್ ಕುಸ್ತೊ ಎಂಬವನೂ ಎಮೀಲ್ ಗಾನ್ಯಾನ್ ಎಂಬ ಯಂತ್ರಶಿಲ್ಪಿಯೂ ಸೇರಿ, ಬೆನ್ನಿನ ಮೇಲೆ ಹೊರಬಹುದಾದ ಗಾಳಿಯ ಉರುಳೆಗೆ ಒಂದು ಕವಾಟವನ್ನು ಜೋಡಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲು ದೊರೆಯದಿದ್ದುದರಿಂದ ಮೋಟಾರುಗಳನ್ನು ಅನಿಲದಿಂದ ಓಡಿಸುವುದಕ್ಕೆಂದು ಗಾನ್ಯಾನನು ಇಂಥದೊಂದು ಕವಾಟವನ್ನು ಮಾಡಿದ್ದನಂತೆ. ಇಂಜಿನ್ನು ಕೇಳಿದಷ್ಟೇ ಅನಿಲವನ್ನು ಕೊಡುವ ಆ ಉಪಾಯವೇ, ಎದೆಯು ಕೇಳಿದಷ್ಟೇ ಗಾಳಿಯನ್ನು, ಅದೂ ಸುತ್ತಲಿನ ನೀರಿನ ಒತ್ತಡಕ್ಕೆ ಸಮವಾಗಿ, ಕೊಡುವ ಉಪಕರಣವಾಯಿತು. ಈಗ ಲೋಕವೆಲ್ಲ ಇದನ್ನು ಸ್ಕೂಬಾ ಎನ್ನುವುದು. ಇದು ಧಾತುವಿನಿಂದ ಹುಟ್ಟಿದ ಶಬ್ದವಲ್ಲ. ಐದು ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಹೊಲಿದದ್ದು. ವ್ಯಾಕರಣವನ್ನು ಕಲಿತ ಕಿವಿಗೆ ಇದು ಸ್ವಲ್ಪ ಕರ್ಕಶವಾದರೂ ಬೇರೆ ಹೆಸರು ರೂಢಿಯಲ್ಲಿಲ್ಲವಾದ್ದರಿಂದ ನಾವೂ ಇದನ್ನೇ ಬಳಸುವೆವು.

ಅದೇ ೧೯೪೩ರ ಡಿಸೆಂಬರ್ ೩೦ರಂದು ನೇತಾಜಿ ಸುಭಾಷಚಂದ್ರ ಬೋಸರು ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ತ್ರಿವರ್ಣಧ್ವಜವನ್ನು ಹಾರಿಸಿದರು. ಆ ಘಟನೆಗೆ ೭೫ ವರ್ಷ ತುಂಬಿದ ೨೦೧೮ರಲ್ಲಿ, ಒಬ್ಬ ಆಂಗ್ಲ ಸೇನಾನಿಯ ಹೆಸರನ್ನು ಹೊತ್ತಿದ್ದ ಹ್ಯಾವ್ಲಾಕ್ ದ್ವೀಪಕ್ಕೆ ಸ್ವರಾಜ್ ದ್ವೀಪವೆಂದು ಹೆಸರಾಯಿತು. ಪೋರ್ಟ್ ಬ್ಲೇರ್ ೨೦೨೪ರಲ್ಲಿ ಶ್ರೀ ವಿಜಯಪುರವಾಯಿತು. ನಾವು ಹೊರಟದ್ದು ಈ ಸ್ವರಾಜ್ ದ್ವೀಪಕ್ಕೆ. ಹೋಗಿಬಂದ ವೃತ್ತಾಂತಕ್ಕಿಂತ ಹೋಗುವುದಕ್ಕೆ ಮುಂಚೆ ಮಾಡಿಕೊಂಡ ಸಿದ್ಧತೆಯನ್ನೇ ವಾಚಕರ ಮುಂದೆ ವಿಸ್ತಾರವಾಗಿ ಇಡುವುದು ನಮ್ಮ ಉದ್ದೇಶ. ಕಡಲನ್ನು ನೋಡಿದವರು ಬಣ್ಣಿಸಿದ ಬರಹಗಳು ಬೇಕಾದಷ್ಟಿವೆ. ಇಳಿಯುವ ಮುನ್ನ ಏನನ್ನು ಕಲಿಯಬೇಕು, ಏನನ್ನು ಮರೆಯಬೇಕು ಎಂಬುದನ್ನು ಹೇಳುವವರು ಕಡಿಮೆ.

ಪ್ರೇರಣೆಯು ನಮ್ಮದಲ್ಲ, ಮಗಳದು. ಅವಳು ನಮ್ಮ ನಾಡಿನದೇ ಆದ ನೇತ್ರಾಣಿಯಲ್ಲಿ, ಎಂದರೆ ಮುರುಡೇಶ್ವರದ ಎದುರಿಗೆ ಅರಬ್ಬೀ ಸಮುದ್ರದಲ್ಲಿರುವ ಆ ಗುಡ್ಡದಂಥ ದ್ವೀಪದ ಬುಡದಲ್ಲಿ, ಒಮ್ಮೆ ಮುಳುಗಿ ಬಂದವಳು. ಅಂದಿನಿಂದ ಅವಳಿಗೆ ಅದೇ ಧ್ಯಾನ. ನಾವು ಪಾಠಶಾಲೆಯ ಕೆಲಸದಿಂದ ನಿವೃತ್ತರಾದ ವರ್ಷವೇ, “ಅಪ್ಪ, ಅಮ್ಮ, ಇಬ್ಬರೂ ಬನ್ನಿ; ನಾನು ಪೂರ್ತಿ ಶಿಕ್ಷಣವನ್ನೇ ಪಡೆಯುವೆನು, ನೀವು ಒಂದು ಸಲ ಇಳಿದು ನೋಡಿ” ಎಂದು ಹಟ ಹಿಡಿದಳು. ಸುದ್ದಿ ತಿಳಿದ ನಮ್ಮ ಸೋದರತ್ತೆಯವರು ಕಲಿವರ್ಜ್ಯದಲ್ಲಿ ಸಮುದ್ರಯಾನವೂ ಸೇರಿದೆಯಲ್ಲವೇ ಎಂದು ಕೇಳಿಸಿದರು. ಶಾಸ್ತ್ರವು ಕಡಲನ್ನು ದಾಟುವ ವಿಷಯದಲ್ಲಿ ಮಾತನಾಡಿದೆಯಾಗಲಿ, ಅದರ ಕೆಳಕ್ಕೆ ಹೋಗುವ ವಿಷಯದಲ್ಲಿ ಮೌನವಾಗಿದೆಯೆಂದು ಉತ್ತರ ಹೇಳಿದೆವು. ಅವರು ನಕ್ಕರು, ಒಪ್ಪಿದರೆಂದು ಹೇಳಲಾರೆವು.

ಅಂಡಮಾನಿನ ಕಡಲಿಗೆ ಎಲ್ಲ ಕಾಲವೂ ಒಂದೇ ಅಲ್ಲ. ಮೇ ತಿಂಗಳ ನಡುವಿನಿಂದ ನೈಋತ್ಯದ ಮಳೆಗಾಳಿ, ಅದು ಮುಗಿಯಿತೆನ್ನುವಾಗ ಈಶಾನ್ಯದ್ದು. ಜನವರಿಯಿಂದ ಏಪ್ರಿಲಿನವರೆಗೆ ನೀರು ಶಾಂತವಾಗಿಯೂ ತಿಳಿಯಾಗಿಯೂ ಇರುವುದು. ಆದಕಾರಣ ಫೆಬ್ರವರಿಯಲ್ಲಿ ಹೋಗುವುದೆಂದು ನಿಶ್ಚಯಿಸಿ ಅಕ್ಟೋಬರಿನಲ್ಲಿಯೇ ಸನ್ನಾಹವನ್ನು ತೊಡಗಿದೆವು. ನಾಲ್ಕು ತಿಂಗಳು ಹೆಚ್ಚಾಯಿತೆಂದು ನೆರೆಯವರು ಹೇಳಿದರು. ನಮಗೆ ಅದರಲ್ಲಿ ಒಂದು ದಿನವೂ ಮಿಗಲಿಲ್ಲ.

ಎಲ್ಲಕ್ಕಿಂತ ಮೊದಲು ಬಂದದ್ದು ಒಂದು ಕಾಗದ. ಮುಳುಗುವವರೆಲ್ಲರೂ ತುಂಬತಕ್ಕ ಆರೋಗ್ಯಪತ್ರವಿದು. ಮೊದಲ ಪುಟದಲ್ಲಿ ಹತ್ತು ಪ್ರಶ್ನೆಗಳು. ಶ್ವಾಸಕೋಶ, ಹೃದಯ, ಕಿವಿ, ಅಪಸ್ಮಾರ, ನಿತ್ಯ ಸೇವಿಸುವ ಔಷಧ ಮೊದಲಾದವುಗಳನ್ನು ಕುರಿತು ಕೇಳಿ, ೪೫ ವರ್ಷ ದಾಟಿದವರನ್ನು ಇನ್ನೂ ಸೂಕ್ಷ್ಮವಾಗಿ ವಿಚಾರಿಸುವುದು. ಎಲ್ಲಕ್ಕೂ ಇಲ್ಲವೆಂದಾದರೆ ರುಜು ಹಾಕಿ ಮುಂದೆ ಹೋಗಬಹುದು. ಹೌದೆಂದ ಕಡೆಯಲ್ಲೆಲ್ಲ ಮುಂದಿನ ಪ್ರಶ್ನೆಗಳು, ಅಲ್ಲಿಯೂ ಹೌದೆಂದರೆ ವೈದ್ಯರ ಒಪ್ಪಿಗೆ. ಪರಿಚಿತರೊಬ್ಬರು, “ಎಲ್ಲಕ್ಕೂ ಇಲ್ಲವೆಂದು ಬರೆದುಬಿಡಿ ಸ್ವಾಮಿ, ಯಾರು ನೋಡುತ್ತಾರೆ?” ಎಂದು ಉಪದೇಶಿಸಿದರು. ನಮಗೆ ಹತ್ತು ವರ್ಷಗಳಿಂದ ರಕ್ತದ ಒತ್ತಡವಿದ್ದು ದಿನಕ್ಕೊಂದು ಗುಳಿಗೆ ನಡೆದಿದೆ. ಅದನ್ನು ಹಾಗೆಯೇ ಬರೆದೆವು. ಮನೆಯವರ ಕಾಗದದಲ್ಲಿ ತೊಡಕು ಹೆಚ್ಚಿತ್ತು. ಚಳಿಗಾಲದಲ್ಲಿ ಅವರಿಗೆ ಉಬ್ಬಸವು ಕಾಣಿಸಿಕೊಳ್ಳುವುದು. ತಲೆದಿಂಬಿನ ಪಕ್ಕದಲ್ಲಿ ಎಳೆದುಕೊಳ್ಳುವ ಔಷಧದ ಡಬ್ಬಿಯಿರುವುದು. ಅವರಿಗೆ ಇಲ್ಲವೆಂದೇ ಬರೆಯುವ ಮನಸ್ಸು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ನಮ್ಮ ಮನೆಯವರು ತೀರ್ಥಹಳ್ಳಿಯ ಕಡೆಯವರು. ತುಂಗೆಯ ದಡದಲ್ಲಿ ಹುಟ್ಟಿ, ಏಳನೆಯ ವಯಸ್ಸಿಗೆ ಹೊಳೆಯನ್ನು ಈಜಿ ದಾಟಿದವರು. ನಾವಾದರೋ ಬಯಲುಸೀಮೆಯ ಬಾವಿನೀರಿನಲ್ಲಿ ಬೆಳೆದು, ಅರವತ್ತರವರೆಗೆ ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿಯದವರು. ನ್ಯಾಯವಾಗಿ ನೋಡಿದರೆ ಕಡಲಿಗೆ ಇಳಿಯುವ ಅರ್ಹತೆ ಅವರದು.

ನೌಕಾಪಡೆಯಲ್ಲಿದ್ದು ನಿವೃತ್ತರಾದ ವೈದ್ಯರೊಬ್ಬರು ನಮ್ಮ ಊರಿನಲ್ಲಿಯೇ ಇದ್ದದ್ದು ಭಾಗ್ಯವೆನ್ನಬೇಕು. ಅವರು ನಮ್ಮ ಹೃದಯದ ಗತಿಯನ್ನು ಯಂತ್ರದಿಂದ ಬರೆಸಿ, ಓಡುವ ಪಟ್ಟಿಯ ಮೇಲೆ ನಡೆಸಿ, ಒತ್ತಡವು ಹತೋಟಿಯಲ್ಲಿದೆಯೆಂದು ಕಂಡು ರುಜು ಹಾಕಿದರು. ಮನೆಯವರ ವಿಷಯದಲ್ಲಿ ಆಗದೆಂದರು. ಅವರ ಕಣ್ಣಿನಲ್ಲಿ ನೀರು ತುಂಬಿದ್ದನ್ನು ಕಂಡು, ವೈದ್ಯರು ಒಂದು ಹಾಳೆಯ ಮೇಲೆ ಕವಲೊಡೆದ ಮರದಂತೆ ಶ್ವಾಸನಾಳಗಳ ಚಿತ್ರವನ್ನು ಬರೆದು ತೋರಿಸಿದರು. ಉಬ್ಬಸದಲ್ಲಿ ಕವಲುಗಳು ಕಿರಿದಾಗಿ ಗಾಳಿಯು ಒಳಗೆ ಸಿಕ್ಕಿಬೀಳುವುದು. ನೆಲದ ಮೇಲೆ ಅದರಿಂದ ಆಯಾಸವಷ್ಟೆ. ನೀರಿನಿಂದ ಮೇಲಕ್ಕೆ ಏಳುವಾಗ ಸಿಕ್ಕಿಬಿದ್ದ ಆ ಗಾಳಿಯು ಹಿಗ್ಗಿ, ಹೊರಗೆ ಹೋಗಲು ದಾರಿಯಿಲ್ಲದೆ ಶ್ವಾಸಕೋಶವನ್ನೇ ಸೀಳಿ ರಕ್ತಕ್ಕೆ ಸೇರಬಹುದು. “ತಾಯಿ, ಮೇಲೆ ತೇಲುತ್ತ ಕನ್ನಡಕದಿಂದ ನೋಡಿ, ಬೇಡವೆನ್ನುವುದಿಲ್ಲ, ಔಷಧವೂ ತೇಲುವ ಅಂಗಿಯೂ ಜೊತೆಗಿರಲಿ. ಕೆಳಕ್ಕೆ ಮಾತ್ರ ಬೇಡ” ಎಂದರು. ಮೂರು ದಿನ ಮನೆಯಲ್ಲಿ ಮಾತು ಕಡಿಮೆಯಿತ್ತು. ನಾವು ಪ್ರಯಾಣವನ್ನೇ ಬಿಡೋಣವೆಂದೆವು. ನಾಲ್ಕನೆಯ ದಿನ ಅವರು ಕಾಫಿಯ ಲೋಟವನ್ನು ಮುಂದಿಡುತ್ತ, “ನೀವು ಮೊದಲು ಈಜು ಕಲಿಯಿರಿ; ಆಮೇಲೆ ನೋಡೋಣ” ಎಂದರು. ನಮ್ಮ ಈಜಿನ ಅಭ್ಯಾಸವು ಹೀಗೆ ಆರಂಭವಾಯಿತು.

ಶಿಕ್ಷಕನೊಡನೆ ಒಂದು ಸಲ ಇಳಿದು ನೋಡುವವರಿಗೆ ಈಜು ಬರಲೇಬೇಕೆಂಬ ನಿಯಮವಿಲ್ಲ. ಪೂರ್ತಿ ಶಿಕ್ಷಣವನ್ನು ಪಡೆಯುವವರು ಮಾತ್ರ ೨೦೦ ಮೀಟರು ಈಜಿ, ಹತ್ತು ನಿಮಿಷ ತೇಲಿ ತೋರಿಸಬೇಕು. ಆದರೂ ನೀರಿಗೆ ಹೆದರುವವನು ನೀರಿನ ಅಡಿಯಲ್ಲಿ ಏನನ್ನೂ ನೋಡಲಾರನೆಂಬುದು ನಮ್ಮ ಮತ. ಊರಿನ ಈಜುಕೊಳದಲ್ಲಿ ಬೆಳಗಿನ ಆರು ಗಂಟೆಗೆ ಏಳೆಂಟು ವಯಸ್ಸಿನ ಮಕ್ಕಳ ನಡುವೆ ನಾವೊಬ್ಬರು. ಕಲಿಸುವವನು ನಮ್ಮ ಹಳೆಯ ವಿದ್ಯಾರ್ಥಿ. ರಾಮಶಬ್ದದ ಷಷ್ಠಿಯಲ್ಲಿ ತಡವರಿಸಿದ್ದಕ್ಕೆ ಹಿಂದೊಮ್ಮೆ ನಮ್ಮಿಂದ ಬೆಂಚಿನ ಮೇಲೆ ನಿಲ್ಲಿಸಿಕೊಂಡವನು. ಅವನು ಆ ಸೇಡನ್ನು ತೀರಿಸಿಕೊಳ್ಳಲಿಲ್ಲ. ನಾವು ಕೊಳದ ಅಂಚನ್ನು ಬಿಡದೆ ಹಿಡಿದಿದ್ದಾಗಲೆಲ್ಲ, “ಸಾರ್, ಉಸಿರು ಬಿಡಿ, ಉಸಿರು ಬಿಟ್ಟರೆ ಹೆದರಿಕೆಯೂ ಬಿಡುತ್ತದೆ” ಎನ್ನುವನು. ಆರು ವಾರಕ್ಕೆ ಅಡ್ಡವಾಗಿಯೂ ಹತ್ತು ವಾರಕ್ಕೆ ಉದ್ದವಾಗಿಯೂ ಕೊಳವನ್ನು ದಾಟಿದೆವು. ಮಕ್ಕಳು ಚಪ್ಪಾಳೆ ತಟ್ಟಿದರು.

ಈಗ ಉಸಿರಿನ ವಿಷಯ. ಮಿಕ್ಕ ಸಿದ್ಧತೆಯೆಲ್ಲ ಒಂದು ತೂಕವಾದರೆ ಇದೊಂದೇ ಒಂದು ತೂಕ. ಉಪನಯನವಾದಂದಿನಿಂದ ಸಂಧ್ಯಾವಂದನೆಯಲ್ಲಿ ಪ್ರಾಣಾಯಾಮವನ್ನು ಮಾಡುತ್ತ ಬಂದವರು ನಾವು. ಪೂರಕದಲ್ಲಿ ಒಳಗೆಳೆದು, ಕುಂಭಕದಲ್ಲಿ ನಿಲ್ಲಿಸಿ, ರೇಚಕದಲ್ಲಿ ಹೊರಬಿಡುವುದು ಕ್ರಮ. ಇವುಗಳಲ್ಲಿ ಕುಂಭಕಕ್ಕೇ ಹೆಚ್ಚಿನ ಮರ್ಯಾದೆ. ಐವತ್ತು ವರ್ಷಗಳ ಈ ಅಭ್ಯಾಸವು ಕಡಲಿನಲ್ಲಿ ನಮಗೆ ಅನುಕೂಲವಾಗುವುದೆಂದು ಭಾವಿಸುವುದು ಸಹಜವೇ. ಆದರೆ ಸ್ಕೂಬಾದ ಮೊದಲನೆಯ ನಿಯಮವು, ಎಷ್ಟೇ ಅವಸರವಾದರೂ ಉಸಿರನ್ನು ಹಿಡಿಯಕೂಡದು ಎಂಬುದು. ಕುಂಭಕವು ಅಲ್ಲಿ ಅತ್ಯಂತ ನಿಷಿದ್ಧ.

ಕಾರಣವನ್ನು ೧೬೬೨ರಲ್ಲಿಯೇ ರಾಬರ್ಟ್ ಬಾಯ್ಲ್ ಎಂಬ ವಿದ್ವಾಂಸನು ಪ್ರಕಟಪಡಿಸಿರುವನು. ಒತ್ತಡವು ಎರಡರಷ್ಟಾದರೆ ಗಾಳಿಯ ಗಾತ್ರವು ಅರ್ಧವಾಗುವುದು. ಒತ್ತಡವು ಅರ್ಧವಾದರೆ ಗಾತ್ರವು ಇಮ್ಮಡಿಯಾಗುವುದು. ನಮ್ಮ ತರಗತಿಯ ಪಕ್ಕದ ಕೊಠಡಿಯಲ್ಲಿ ವಿಜ್ಞಾನದ ಉಪಾಧ್ಯಾಯರು ಪ್ರತಿವರ್ಷವೂ ಈ ನಿಯಮವನ್ನು ಗಟ್ಟಿಯಾಗಿ ಹೇಳಿಸುತ್ತಿದ್ದರು. ಗೋಡೆಯ ಮೂಲಕ ಕೇಳಿ ಕೇಳಿ ನಮಗೂ ಬಾಯಿಪಾಠವಾಗಿತ್ತು. ಅರ್ಥವಾದದ್ದು ಈಗ. ಕಡಲಿನಲ್ಲಿ ಹತ್ತು ಮೀಟರು ಇಳಿದರೆ ಒತ್ತಡವು ನೆಲದ ಮೇಲಿನದರ ಎರಡರಷ್ಟು. ಅಲ್ಲಿ ಎದೆಗೆ ತುಂಬಿಕೊಂಡ ಒಂದು ಚೊಂಬು ಗಾಳಿಯು ಮೇಲಕ್ಕೆ ಬರುವಷ್ಟರಲ್ಲಿ ಎರಡು ಚೊಂಬಾಗುವುದು. ಉಸಿರಾಡುತ್ತಿದ್ದರೆ ಹೆಚ್ಚಿನದು ತಾನಾಗಿ ಹೊರಕ್ಕೆ ಹೋಗುವುದು. ಹಿಡಿದಿದ್ದರೆ ವೈದ್ಯರು ಹಾಳೆಯ ಮೇಲೆ ತೋರಿಸಿದ ಅನರ್ಥವು ಆರೋಗ್ಯವಂತನಿಗೂ ಆಗುವುದು. ಆಶ್ಚರ್ಯವೆಂದರೆ, ಒತ್ತಡವು ಮಡಿಮಡಿಯಾಗಿ ಬದಲಾಗುವುದು ಆಳದಲ್ಲಲ್ಲ, ಮೇಲಿನ ಹತ್ತು ಮೀಟರಿನಲ್ಲಿಯೇ. ದಡವು ಹತ್ತಿರವಾಯಿತೆಂದು ಅವಸರಪಡುವವನಿಗೇ ಅಪಾಯವು ಹೆಚ್ಚು. ಮೇಲಕ್ಕೇಳುವಾಗ ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ವೇಗವಾಗಿ ಏಳದಿರುವುದೂ, ಐದು ಮೀಟರಿನ ಆಳದಲ್ಲಿ ಮೂರು ನಿಮಿಷ ತಂಗುವುದೂ ಶಿಷ್ಟಾಚಾರವಾಗಿದೆ.

ಆದ್ದರಿಂದ ನಾವು ನಾಲ್ಕು ತಿಂಗಳು ಅಭ್ಯಾಸ ಮಾಡಿದ್ದು ಕುಂಭಕವಿಲ್ಲದ ಉಸಿರಾಟವನ್ನು. ಬಾಯಿಯಿಂದ ನಿಧಾನವಾಗಿ ಎಳೆದುಕೊಳ್ಳುವುದು, ತಡೆಯದೆ ಅದಕ್ಕಿಂತ ನಿಧಾನವಾಗಿ ಬಿಡುವುದು. ಮೆಟ್ಟಿಲು ಹತ್ತುವಾಗ, ಪೇಟೆಗೆ ನಡೆಯುವಾಗ, ರಾತ್ರಿ ನಿದ್ರೆ ಬರುವವರೆಗೆ ಇದೇ ಕೆಲಸ. ಸಂಧ್ಯಾವಂದನೆಯನ್ನು ಬಿಡಲಿಲ್ಲ. ಅದು ನೆಲದ ವಿಧಿ, ಇದು ನೀರಿನ ವಿಧಿಯೆಂದು ಮನಸ್ಸಿನಲ್ಲಿ ವಿಭಾಗ ಮಾಡಿಕೊಂಡೆವು. ಉತ್ಸರ್ಗಕ್ಕೆ ಅಪವಾದವಿರುವುದು ವ್ಯಾಕರಣದಲ್ಲಿಯೂ ಉಂಟಷ್ಟೆ.

ಕಿವಿಯನ್ನೂ ಒಗ್ಗಿಸಬೇಕು. ಇಳಿಯುವಾಗ ನೀರು ಕಿವಿಯ ತಮಟೆಯನ್ನು ಒಳಕ್ಕೆ ಒತ್ತುವುದು. ಮೂಗನ್ನು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿದರೆ ಗಂಟಲಿನಿಂದ ಕಿವಿಗೆ ಹೋಗುವ ನಾಳದಲ್ಲಿ ಗಾಳಿ ಹೊಕ್ಕು ಎರಡು ಕಡೆಯ ಒತ್ತಡವೂ ಸಮವಾಗುವುದು. ನೋವು ಬಂದ ಮೇಲೆ ಮಾಡುವುದಲ್ಲ, ಬರುವ ಮೊದಲೇ, ಒಂದೊಂದು ಮೀಟರಿಗೂ ಮಾಡತಕ್ಕದ್ದು. ಬಲವಾಗಿ ಊದುವುದು ಅಪಾಯಕರ. ನೆಗಡಿಯಾದವರು ಆ ದಿನ ಇಳಿಯಲೇಬಾರದು. ಔಷಧವನ್ನು ತೆಗೆದುಕೊಂಡು ಮೂಗನ್ನು ತೆರೆಸಿಕೊಂಡು ಇಳಿದವರಿಗೆ, ನೀರಿನಲ್ಲಿರುವಾಗಲೇ ಔಷಧದ ಬಲ ತಗ್ಗಿ ಮೇಲೆ ಬರುವಾಗ ಗಾಳಿ ಒಳಗೆ ಸಿಕ್ಕಿಕೊಳ್ಳುವುದುಂಟು. ಆದುದರಿಂದ ಹೊರಡುವ ಮುಂಚಿನ ಹದಿನೈದು ದಿನ ಮನೆಯಲ್ಲಿ ಐಸ್‌ಕ್ರೀಮು ನಿಷಿದ್ಧವಾಯಿತು. ಮಗಳು ಗೊಣಗಿದಳು.

ಮೀಸೆಯ ಪ್ರಸ್ತಾಪವನ್ನು ಮಾಡದಿದ್ದರೆ ವೃತ್ತಾಂತವು ಅಪೂರ್ಣ. ಕಣ್ಣು ಮೂಗುಗಳನ್ನು ಮುಚ್ಚುವ ಮುಖವಾಡವು ತುಟಿಯ ಮೇಲ್ಭಾಗದ ಚರ್ಮಕ್ಕೆ ಅಂಟಿ ನಿಲ್ಲಬೇಕು. ನಡುವೆ ಕೂದಲಿದ್ದರೆ ನೀರು ಜಿನುಗುವುದು. ಪಟ್ಟಿಯನ್ನು ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಸ್ವಲ್ಪ ಗಾಳಿಯನ್ನೆಳೆದರೆ ಅದು ಬೀಳದೆ ನಿಲ್ಲಬೇಕೆಂಬುದು ಪರೀಕ್ಷೆ. ನಮ್ಮ ಮುಖದಲ್ಲಿ ಅದು ನಿಲ್ಲಲಿಲ್ಲ. ಮೂವತ್ತೈದು ವರ್ಷ ಮೂರು ಶಾಲೆಗಳಲ್ಲಿ ಮಕ್ಕಳು ನಮ್ಮನ್ನು ಗುರುತಿಸುತ್ತಿದ್ದದ್ದು ಆ ಮೀಸೆಯಿಂದ. ಪೂರ್ತಿ ತೆಗೆಯುವ ಅವಶ್ಯವಿಲ್ಲ, ಮೂಗಿನ ಕೆಳಗೆ ಒಂದು ಗೆರೆಯಷ್ಟು ಬೋಳಿಸಿದರೆ ಸಾಕೆಂದು ಮಗಳು ಸಮಾಧಾನ ಹೇಳಿದಳು. ಹಾಗೆ ಮಾಡಿ ಕನ್ನಡಿಯನ್ನು ನೋಡಿದಾಗ, ಅದಕ್ಕಿಂತ ಪೂರ್ತಿ ತೆಗೆಯುವುದೇ ಗೌರವವೆಂದು ತೋರಿತು. ಮನೆಯವರು ಬಾಗಿಲಲ್ಲಿ ನಿಂತು ನೋಡಿ, ವೈದ್ಯರಲ್ಲಿಗೆ ಹೋಗಿಬಂದ ಮೇಲೆ ಮೊದಲ ಸಲ ಮನಸ್ಸು ಬಿಚ್ಚಿ ನಕ್ಕರು. ಕನ್ನಡಕ ಹಾಕುವವರೂ ಮುಂಚಿತವಾಗಿಯೇ ತಿಳಿಸಿದರೆ ಅವರ ದೃಷ್ಟಿಗೆ ತಕ್ಕ ಗಾಜಿರುವ ಮುಖವಾಡಗಳು ದೊರೆಯುತ್ತವೆ. ನಾವು ತಿಳಿಸಿದ್ದರಿಂದ ದೊರೆಯಿತು.

ಪೆಟ್ಟಿಗೆಯ ವಿಷಯವನ್ನು ಬೇಗನೆ ಮುಗಿಸುವೆವು. ನೀರು ೨೭ ಡಿಗ್ರಿಗಿಂತ ಬೆಚ್ಚಗಿದ್ದು ಮುಳುಗುವ ಸಲಕರಣೆಗಳು ಅಲ್ಲಿಯೇ ದೊರೆಯುವುದರಿಂದ ಹೊರೆ ಕಡಿಮೆ. ತೋಳು ಮುಚ್ಚುವ ಹತ್ತಿಯ ಬಟ್ಟೆ, ಟೋಪಿ, ದೋಣಿ ಹತ್ತುವುದಕ್ಕೆ ಮುಂಚೆ ಸೇವಿಸಬೇಕಾದ ಗುಳಿಗೆ, ಒಣಶುಂಠಿ, ಮನೆಯವರ ಔಷಧದ ಎರಡು ಡಬ್ಬಿಗಳು. ಬಿಸಿಲಿಗೆ ಹಚ್ಚುವ ಲೇಪನಗಳಲ್ಲಿ ಆಕ್ಸಿಬೆಂಜೋನ್ ಎಂಬುದಿದ್ದರೆ ಅದು ಹವಳಕ್ಕೆ ಹಾನಿಕರವೆಂದು ಪಲಾವು ದೇಶವು ೨೦೨೦ರಿಂದ ಅಂಥವನ್ನು ನಿಷೇಧಿಸಿದೆ. ನಮ್ಮಲ್ಲಿ ಕೇಳುವವರಿಲ್ಲವೆಂದು ಹಚ್ಚಿಕೊಳ್ಳುವುದು ಸಭ್ಯತೆಯಲ್ಲ. ಬಟ್ಟೆಯ ನೆರಳೇ ಮೇಲು. ಪ್ರಯಾಣದ ವಿಮೆಯನ್ನು ಮಾಡಿಸುವವರು ಮುಳುಗುವಿಕೆಯನ್ನು ಅದು ಒಳಗೊಂಡಿದೆಯೇ ಎಂದು ಸಣ್ಣ ಅಕ್ಷರದ ಭಾಗವನ್ನು ಓದಿ ನೋಡತಕ್ಕದ್ದು.

ಬೆಂಗಳೂರಿನಿಂದ ಶ್ರೀ ವಿಜಯಪುರಕ್ಕೆ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ. ಅಲ್ಲಿಂದ ಹಡಗಿನಲ್ಲಿ ಅದರ ವೇಗವನ್ನನುಸರಿಸಿ ಒಂದೂವರೆಯಿಂದ ಎರಡೂವರೆ ಗಂಟೆ. ಗಡಿಯಾರವು ನಮ್ಮದೇ, ಸೂರ್ಯನು ಮಾತ್ರ ನಮ್ಮವನಲ್ಲ. ದ್ವೀಪಗಳು ಪೂರ್ವಕ್ಕೆ ಬಹುದೂರದಲ್ಲಿರುವುದರಿಂದ ಬೆಳಗಿನ ಐದೂವರೆಗೆ ಬೆಳಕು ಹರಿದು, ಸಂಜೆ ಆರಕ್ಕೆ ಕತ್ತಲಾಗುವುದು. ದೋಣಿಗಳು ಬೆಳಗ್ಗೆಯೇ ಹೊರಡುವುದರಿಂದ ಬೇಗನೆ ಮಲಗುವ ಅಭ್ಯಾಸವಿಲ್ಲದವರಿಗೆ ಇದೂ ಒಂದು ಪೂರ್ವಸಿದ್ಧತೆ.

ಸ್ವರಾಜ್ ದ್ವೀಪದ ಊರುಗಳ ಹೆಸರುಗಳನ್ನು ಕೇಳಿದರೆ ಗೋಕುಲಕ್ಕೆ ಬಂದಂತಾಗುವುದು: ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ. ದೇಶವಿಭಾಗದಲ್ಲಿ ಪೂರ್ವಬಂಗಾಳದಿಂದ ಮನೆಮಠಗಳನ್ನು ಬಿಟ್ಟು ಬಂದವರನ್ನು ೧೯೫೦ರ ದಶಕದಲ್ಲಿ ಇಲ್ಲಿ ನೆಲೆಗೊಳಿಸಿದರು. ಅವರ ಮಕ್ಕಳು ಮೊಮ್ಮಕ್ಕಳು ಅಡಕೆ ತೆಂಗು ಬೆಳೆದುಕೊಂಡು ಇರುವರು. ಅಡಕೆಯ ತೋಟವನ್ನು ಕಂಡು ಮನೆಯವರು ತವರಿಗೆ ಬಂದವರಂತೆ ಮಾತನಾಡತೊಡಗಿದರು. ರಾಜನ್ ಎಂಬ ಆನೆಯೊಂದು ಇಲ್ಲಿಯ ಕಡಲಿನಲ್ಲಿ ಈಜುತ್ತಿತ್ತು. ಮರದ ದಿಮ್ಮಿಗಳನ್ನು ಎಳೆಯುವುದಕ್ಕೆಂದು ತಂದ ಆನೆ. ಕೆಲಸ ನಿಂತ ಮೇಲೂ ಈಜನ್ನು ಬಿಡದೆ ೨೦೧೬ರಲ್ಲಿ ತೀರಿಕೊಂಡಿತು. ಕಡಲ್ಗಿಡಗಳ ಖಾರಿಗಳ ಬಳಿ ಮೊಸಳೆಯಿದೆಯೆಂಬ ಫಲಕವನ್ನು ಕಂಡರೆ ಅದನ್ನು ಅಲಂಕಾರವೆಂದು ತಿಳಿಯಬಾರದು. ೨೦೧೦ರಲ್ಲಿ ರಾಧಾನಗರದ ಬಳಿ ಅಮೆರಿಕದ ಸ್ತ್ರೀಯೊಬ್ಬಳು ಮೊಸಳೆಗೆ ಬಲಿಯಾದಳು.

ಮೊದಲ ದಿನ ಪಾಠವು ಎದೆಮಟ್ಟದ ನೀರಿನಲ್ಲಿ. ಬಾಯಿಯೊಳಗಿನ ಕೊಳವೆಯನ್ನು ತೆಗೆದು ಮತ್ತೆ ಇಟ್ಟುಕೊಳ್ಳುವುದು, ಮುಖವಾಡದಲ್ಲಿ ಹೊಕ್ಕ ನೀರನ್ನು ಮೂಗಿನಿಂದ ಊದಿ ಹೊರಹಾಕುವುದು, ಕೈಸನ್ನೆಗಳು. ಹೆಬ್ಬೆರಳನ್ನು ಮೇಲೆತ್ತಿದರೆ ಚೆನ್ನಾಗಿದೆಯೆಂದಲ್ಲ, ಮೇಲಕ್ಕೆ ಹೋಗೋಣವೆಂದರ್ಥ. ಎಲ್ಲವೂ ಕ್ಷೇಮವೆನ್ನುವುದಕ್ಕೆ ಹೆಬ್ಬೆರಳು ತೋರುಬೆರಳುಗಳ ತುದಿಗಳನ್ನು ಕೂಡಿಸಬೇಕು. ಇದು ದಕ್ಷಿಣಾಮೂರ್ತಿಯ ಚಿನ್ಮುದ್ರೆಯಲ್ಲದೆ ಬೇರೆಯಲ್ಲ; ಮೌನವಾಗಿಯೇ ಉಪದೇಶಿಸಬೇಕಾದ ಗುರುವಿಗೆ ನೀರಿನಡಿಯ ಈ ಶಿಕ್ಷಕನಿಗಿಂತ ಹತ್ತಿರದ ಬಂಧು ಇರಲಾರನು.

ಮರುದಿನ ಇಳಿದೆವು. ನಮ್ಮಂಥವರಿಗೆ ಹನ್ನೆರಡು ಮೀಟರಿನ ಮಿತಿಯಿದೆ. ನಾವು ಹೋದದ್ದು ಎಂಟು. ಮೊದಲ ಒಂದೆರಡು ನಿಮಿಷ ಎದೆಯು ತಾನಾಗಿಯೇ ಉಸಿರನ್ನು ಬಿಗಿಹಿಡಿಯಲು ನೋಡಿತು. ಆಗ ಈಜುಕೊಳದ ಆ ಹುಡುಗನ ಮಾತು ನೆನಪಾಗಿ ರೇಚಕವನ್ನು ಉದ್ದ ಮಾಡಿದೆವು. ಗುಳ್ಳೆಗಳು ಸದ್ದು ಮಾಡುತ್ತ ಮೇಲಕ್ಕೆ ಹೋದವು, ಹಿಡಿತವು ಸಡಿಲಿತು. ಅಲ್ಲಿ ಎಲ್ಲವೂ ಮೂರನೆಯ ಒಂದು ಪಾಲು ದೊಡ್ಡದಾಗಿ ಕಾಣುವುದು. ಕೆಂಪು ಬಣ್ಣವು ಬಹಳ ಬೇಗನೆ ಮಾಯವಾಗುವುದರಿಂದ ಎಲ್ಲವೂ ನೀಲಿಯ ಮುಸುಕಿನಲ್ಲಿರುವುದು. ಗಿಣಿಮೀನುಗಳು ಹವಳದ ಬಂಡೆಯನ್ನು ಕಡಿಯುವ ಸದ್ದು ಅವಲಕ್ಕಿ ಜಗಿದಂತೆ ಸ್ಪಷ್ಟವಾಗಿ ಕೇಳಿಸಿತು. ಅವು ತಿಂದ ಕಲ್ಲು ಪುಡಿಯಾಗಿ ಅವುಗಳ ಹೊಟ್ಟೆಯಿಂದ ಹೊರಬಿದ್ದು ಮರಳಾಗುವುದಂತೆ. ತೀರದಲ್ಲಿ ನಾವು ಹೊಗಳಿ ತುಳಿದ ಬಿಳಿಯ ಮರಳಿನಲ್ಲಿ ಅದರ ಪಾಲೂ ಇದೆ. ಇಪ್ಪತ್ತೈದು ನಿಮಿಷದ ಮೇಲೆ ಶಿಕ್ಷಕನು ಹೆಬ್ಬೆರಳನ್ನೆತ್ತಿದನು.

ಅದರ ಮುಂದಿನ ದಿನ ಎಲಿಫೆಂಟ್ ಬೀಚಿನಲ್ಲಿ ಮನೆಯವರ ಸರದಿ. ಅಲ್ಲಿ ಹವಳವು ಆಳವಿಲ್ಲದ ನೀರಿನಲ್ಲಿಯೇ ಇರುವುದರಿಂದ ತೇಲುತ್ತಲೇ ನೋಡಬಹುದು. ಔಷಧವನ್ನು ಎಳೆದುಕೊಂಡು, ತೇಲುವ ಅಂಗಿ ತೊಟ್ಟು, ಐವತ್ತು ವರ್ಷಗಳ ಹಿಂದಿನ ಹುಡುಗಿಯಂತೆ ನೀರಿಗೆ ಬಿದ್ದರು. ನಾವು ಬೆನ್ನಟ್ಟಲು ನೋಡಿ ಹಿಂದುಳಿದೆವು. ಒಂದು ಗಂಟೆಯಾದರೂ ಮುಖವನ್ನು ಎತ್ತಲಿಲ್ಲ. ದಡಕ್ಕೆ ಬಂದು ಕೂದಲನ್ನು ಹಿಂಡಿಕೊಳ್ಳುತ್ತ, ನಮಗೆ ಎಷ್ಟು ಬಗೆಯ ಮೀನುಗಳು ಕಂಡವೆಂದು ವಿಚಾರಿಸಿದರು. ಹನ್ನೊಂದೆಂದೆವು. “ನನಗೆ ಹತ್ತೊಂಬತ್ತು” ಎಂದು ಹೇಳಿ, ಕಾಫಿ ಎಲ್ಲಿ ಸಿಕ್ಕುವುದೆಂದು ಮಗಳನ್ನು ಕೇಳಿದರು. ವೈದ್ಯರ ಹೆಸರನ್ನು ಅಂದಿನಿಂದ ಮತ್ತೆ ಮುನಿಸಿನಿಂದ ಎತ್ತಿಲ್ಲ.

ಹವಳವು ಕಲ್ಲಲ್ಲ, ಗಿಡವೂ ಅಲ್ಲ. ಕೋಟ್ಯಂತರ ಸಣ್ಣ ಪ್ರಾಣಿಗಳು ಕೂಡಿ ಕಟ್ಟಿದ ಊರು. ಕೈ ತಾಗಿದರೆ ಸಾಯುವುವು. ೨೦೦೪ರ ಡಿಸೆಂಬರ್ ೨೬ರ ಭೂಕಂಪದಲ್ಲಿ ಉತ್ತರ ಅಂಡಮಾನಿನ ಕಡೆ ನೆಲವು ಮೇಲೆದ್ದು ಹವಳದ ದಿಬ್ಬಗಳೇ ನೀರಿನಿಂದ ಹೊರಬಿದ್ದು ಒಣಗಿದವು. ೨೦೧೦ರಲ್ಲಿ ನೀರು ಮಿತಿಮೀರಿ ಬಿಸಿಯಾಗಿ ಬಹುಭಾಗವು ಬಣ್ಣಗೆಟ್ಟು ಬಿಳಿಚಿತು. ಉಳಿದದ್ದನ್ನು ಕಾಪಾಡುವುದಕ್ಕೆ ಕಾನೂನಿದೆ. ೨೦೦೧ರಿಂದ ಬಂಡೆಕಟ್ಟುವ ಹವಳಗಳೂ ವನ್ಯಜೀವಿ ರಕ್ಷಣಾ ಶಾಸನದ ಆಶ್ರಯದಲ್ಲಿರುವುದರಿಂದ, ದಡದಲ್ಲಿ ಬಿದ್ದ ಸತ್ತ ತುಂಡನ್ನು ತಂದರೂ ಅಪರಾಧವೇ. ದೇವರ ಪೀಠಕ್ಕೊಂದು ಚೂರನ್ನು ತರುವಂತೆ ಸೋದರತ್ತೆಯವರು ಹೇಳಿಕಳುಹಿದ್ದರು, ಬರಿಗೈಯಲ್ಲಿಯೇ ಬಂದೆವು.

ಇನ್ನು ಕೊನೆಯ ಸಿದ್ಧತೆಯು ಹಿಂದಿರುಗುವುದಕ್ಕೆ. ಒತ್ತಡದಲ್ಲಿ ಉಸಿರಾಡಿದವನ ರಕ್ತಮಾಂಸಗಳಲ್ಲಿ ಸಾರಜನಕವು ಕರಗಿ ನಿಂತಿರುವುದು. ಅದು ಉಸಿರಿನ ಮೂಲಕ ಮೆಲ್ಲಮೆಲ್ಲಗೆ ಹೊರಗೆ ಹೋಗಬೇಕು. ಅಷ್ಟರಲ್ಲಿಯೇ ವಿಮಾನ ಹತ್ತಿದರೆ, ಮೇಲೆ ಗಾಳಿಯ ಒತ್ತಡ ಕಡಿಮೆಯಾದ್ದರಿಂದ, ಮುಚ್ಚಳ ತೆಗೆದ ಸೋಡಾಸೀಸೆಯಲ್ಲಿ ಆಗುವಂತೆ ದೇಹದಲ್ಲಿ ಗುಳ್ಳೆಗಳೇಳಬಹುದು. ಒಂದೇ ಸಲ ಇಳಿದವರು ಹನ್ನೆರಡು ಗಂಟೆ, ಹಲವು ಸಲ ಇಳಿದವರು ಹದಿನೆಂಟು ಗಂಟೆಯಾದರೂ ಕಾಯತಕ್ಕದ್ದು. ಪ್ರಯಾಣದ ಚೀಟಿಯನ್ನು ಕೊಳ್ಳುವಾಗಲೇ ಇದನ್ನು ಲೆಕ್ಕ ಹಾಕಬೇಕು. ಮಗಳು ನಾಲ್ಕು ದಿನದ ಶಿಕ್ಷಣವನ್ನು ಮುಗಿಸಿ ಕೊನೆಯ ಸಲ ನೀರಿನಿಂದ ಎದ್ದದ್ದು ಬೆಳಗಿನ ಹತ್ತು ಗಂಟೆಗೆ. ವಿಮಾನವು ಮರುದಿನ ಎಂಟಕ್ಕೆ.

ಆ ಬಿಡುವಿನಲ್ಲಿ ಹಡಗಿನಿಂದ ಶ್ರೀ ವಿಜಯಪುರಕ್ಕೆ ಬಂದು ಸೆಲ್ಯುಲರ್ ಜೈಲನ್ನು ನೋಡಿದೆವು. ೧೮೯೬ರಿಂದ ೧೯೦೬ರವರೆಗೆ ಕಟ್ಟಿದ್ದು. ನಡುವಣ ಗೋಪುರದಿಂದ ಚಕ್ರದ ಅರಗಳಂತೆ ಏಳು ಸಾಲುಗಳಿದ್ದುವು, ಈಗ ಮೂರು ಉಳಿದಿವೆ. ಒಂದು ಸಾಲಿನ ಬಾಗಿಲುಗಳು ಇನ್ನೊಂದು ಸಾಲಿನ ಬೆನ್ನಿಗೆ ಎದುರಾಗಿದ್ದು, ಒಬ್ಬ ಸೆರೆಯವನು ಇನ್ನೊಬ್ಬನ ಮುಖವನ್ನು ಕಾಣದಂತೆ ಕಟ್ಟಿದೆ. ಮನೆಯವರು ಒಂದು ಕೋಣೆಯೊಳಕ್ಕೆ ಹೋಗಿ ನಿಂತು, ಎತ್ತರದ ಕಿಂಡಿಯತ್ತ ಮುಖವೆತ್ತಿ, ಇಲ್ಲಿಂದ ಕಡಲ ಗಾಳಿ ಬರುವುದೇ ಎಂದು ಸ್ವಲ್ಪ ಹೊತ್ತು ನೋಡಿದರು. ಗೋಪುರದ ಮೇಲಕ್ಕೆ ಹತ್ತಿದಾಗ ಕೆಳಗೆ ನೀರು ನೀಲಿಯಾಗಿ ಕಾಣುತ್ತಿತ್ತು. ನಾಲ್ಕು ಗಂಟೆಯಾಗಿತ್ತು. ಮಗಳು ಬೆರಳೆಣಿಸಿ, ಆರು ಗಂಟೆ ಕಳೆಯಿತು, ಇನ್ನು ಹನ್ನೆರಡು ಎಂದಳು. ಮೆಟ್ಟಿಲುಗಳನ್ನು ನಿಧಾನವಾಗಿ ಇಳಿದು, ಹೊರಗಿನ ರಸ್ತೆಯಲ್ಲಿ ಮೂವರೂ ಒಂದೊಂದು ಎಳನೀರನ್ನು ಕುಡಿದೆವು.